ಕಾರಿನ ಬ್ರೇಕಿನಿಂದ ಗಾಳಿ ತೆಗೆಯುವ ಕೆಲಸ, ಒಬ್ಬರೇ ಇದ್ದಾಗ

ಅಪ್ಪನ ಹಳೇ ಫಿಯೆಟ್ ಕಾರಿನ ಬ್ರೇಕ್ ಕೆಲಸದಲ್ಲಿ ನನಗೂ ಒಂದು ಪಾಲಿತ್ತು. ಡ್ರೈವರ್ ಸೀಟಿನ ತುದಿಗೆ ಜಾರಿ ಕೂತು, ಕಾಲು ಎಟುಕಿಸಿ ಪೆಡಲ್ ಒತ್ತುವುದು. ಅಪ್ಪ ಚಕ್ರದ ಪಕ್ಕ ಗೋಣಿಚೀಲ ಹಾಸಿಕೊಂಡು ಮಲಗಿರುತ್ತಿದ್ದರು. ಕೆಳಗಿನಿಂದ ದನಿ ಬರುತ್ತಿತ್ತು. ‘ಒತ್ತು.’ ಒತ್ತುತ್ತಿದ್ದೆ. ‘ಹಿಡ್ಕೋ.’ ಹಿಡಿದುಕೊಳ್ಳುತ್ತಿದ್ದೆ. ಕಾಲಿನ ಕೆಳಗೆ ಪೆಡಲ್ ಮೆಲ್ಲಗೆ ಇಳಿಯುತ್ತಿತ್ತು. ‘ಬಿಡ್ಬೇಡ, ಬಿಡ್ಬೇಡ... ಹಾಂ, ಈಗ ಬಿಡು.’ ಒಮ್ಮೆ ಅವರು ಹೇಳುವ ಮೊದಲೇ ಬಿಟ್ಟುಬಿಟ್ಟೆ. ಆ ಚಕ್ರದ ಕೆಲಸ ಮತ್ತೆ ಮೊದಲಿಂದ. ಚೆನ್ನಾಗಿ ಬೈಸಿಕೊಂಡೆ. ಬೈದದ್ದು ಯಾಕೆ ಅಂತ ಅರ್ಥವಾಗಲು ಇಪ್ಪತ್ತು ವರ್ಷ ಹಿಡಿಯಿತು.

ಈಗ ನನ್ನ ಕಾರಿನ ಪಕ್ಕ ಗೋಣಿಚೀಲ ಹಾಸುವವನು ನಾನೇ. ಪೆಡಲ್ ಒತ್ತಲು ಯಾರೂ ಇಲ್ಲ. ಭಾನುವಾರ ಮಧ್ಯಾಹ್ನ ಊಟ ಮಾಡಿ ಮಲಗಿದ ಪಕ್ಕದ ಮನೆಯವರನ್ನು ಎಬ್ಬಿಸಿ ‘ಸ್ವಲ್ಪ ಬ್ರೇಕ್ ಒತ್ತಿಕೊಡ್ತೀರಾ’ ಅಂತ ಕೇಳುವುದು ಹೇಗೆ? ಹಾಗಾಗಿ ಒಬ್ಬನೇ ಮಾಡುವ ದಾರಿಗಳನ್ನು ಕಲಿತೆ. ಅವು ನಾಲ್ಕೈದು ಇವೆ. ನೋಡಲು ಬೇರೆ ಬೇರೆ. ಆದರೆ ಎಲ್ಲವೂ ಉತ್ತರ ಹುಡುಕುವುದು ಒಂದೇ ಪ್ರಶ್ನೆಗೆ: ಪೆಡಲ್ ಮೇಲೆ ಬರುವಾಗ ಬಾಗಿಲು ಹಾಕುವವರು ಯಾರು? ಈ ಪ್ರಶ್ನೆ ಅರ್ಥವಾದರೆ ಮಿಕ್ಕದ್ದೆಲ್ಲ ಸುಲಭ. ಅದಕ್ಕೆ ಮೊದಲು ಪೈಪಿನೊಳಗೆ ಏನು ನಡೆಯುತ್ತದೆ ಅಂತ ನೋಡೋಣ.

ಕಾಲಿನ ಒತ್ತಡ ಚಕ್ರಕ್ಕೆ ಹೋಗುವ ಬಗೆ

ಪೆಡಲ್ ಒಂದು ಸನ್ನೆಕೋಲು. ಅದರ ಇನ್ನೊಂದು ತುದಿ ಮಾಸ್ಟರ್ ಸಿಲಿಂಡರ್‌ನ ಪಿಸ್ಟನ್ ಅನ್ನು ತಳ್ಳುತ್ತದೆ. ಅಲ್ಲಿಂದ ನಾಲ್ಕೂ ಚಕ್ರಗಳಿಗೆ ಸಣ್ಣ ಪೈಪುಗಳು ಹೋಗುತ್ತವೆ. ಪೈಪುಗಳ ತುಂಬ ಬ್ರೇಕ್ ಆಯಿಲ್, ಅದು ಬರುವುದು ಮಾಸ್ಟರ್ ಸಿಲಿಂಡರ್ ಮೇಲಿರುವ ಸಣ್ಣ ಡಬ್ಬಿಯಿಂದ. ಆ ಆಯಿಲ್‌ನ ಒತ್ತಡಕ್ಕೆ ಚಕ್ರವನ್ನು ಹಿಡಿದು ನಿಲ್ಲಿಸುವುದು ಮುಂದಿನ ಡಿಸ್ಕ್‌ಗಳಲ್ಲಿ ಪ್ಯಾಡ್ ಒತ್ತುವ ಕ್ಯಾಲಿಪರ್ ಪಿಸ್ಟನ್, ಹಿಂದಿನ ಡ್ರಮ್‌ಗಳಲ್ಲಿ ವೀಲ್ ಸಿಲಿಂಡರ್. ನಮ್ಮ ಹೆಚ್ಚಿನ ಸಣ್ಣ ಕಾರುಗಳದ್ದು ಇದೇ ಜೋಡಣೆ.

ಮುಚ್ಚಿದ ಪಾತ್ರೆಯ ದ್ರವವನ್ನು ಒಂದು ಕಡೆ ಒತ್ತಿದರೆ ಆ ಒತ್ತಡ ಎಲ್ಲ ಕಡೆಗೂ ಒಂದೇ ಸಮನಾಗಿ ಹರಡುತ್ತದೆ. ಹೈಸ್ಕೂಲಿನಲ್ಲಿ ಓದಿದ ಪ್ಯಾಸ್ಕಲ್ ನಿಯಮ ಇದೇ. ಲೆಕ್ಕ ಹಾಕಿದರೆ ಇದರ ಬಲ ತಿಳಿಯುತ್ತದೆ. ನೀವು 20 ಕೆಜಿ ಭಾರದಷ್ಟು ಒತ್ತಿದಿರಿ ಅಂತ ಇಟ್ಟುಕೊಳ್ಳಿ. ಪೆಡಲ್‌ನ ಸನ್ನೆ ಅದನ್ನು ನಾಲ್ಕು ಪಟ್ಟು ಮಾಡಿದರೆ 80 ಕೆಜಿ. ಮಾಸ್ಟರ್ ಸಿಲಿಂಡರ್‌ನ ವ್ಯಾಸ 20 ಮಿಲಿಮೀಟರ್ ಇದ್ದರೆ ಅದರ ಮುಖದ ವಿಸ್ತೀರ್ಣ ಸುಮಾರು 3.1 ಚದರ ಸೆಂಟಿಮೀಟರ್. ಅಂದರೆ ಆಯಿಲ್‌ನ ಒತ್ತಡ ಚದರ ಸೆಂಟಿಮೀಟರಿಗೆ 25 ಕೆಜಿ. ಕ್ಯಾಲಿಪರ್ ಪಿಸ್ಟನ್ ದಪ್ಪಗೆ, 51 ಮಿಲಿಮೀಟರ್ ಇದ್ದರೆ ಅಲ್ಲಿ ಸಿಗುವ ಬಲ ಸುಮಾರು 500 ಕೆಜಿ. ಎಂಜಿನ್ನಿನ ವ್ಯಾಕ್ಯೂಮ್ ಬಳಸಿ ಕಾಲಿನ ಬಲ ಹೆಚ್ಚಿಸುವ ಬೂಸ್ಟರ್‌ನ ಸಹಾಯ ಇನ್ನೂ ಸೇರಿಲ್ಲ, ನೋಡಿ.

ಬಿಟ್ಟಿಯಾಗಿ ಏನೂ ಸಿಗುವುದಿಲ್ಲವಲ್ಲ. ಬಲ ಹೆಚ್ಚಿದಷ್ಟೂ ದೂರ ಕಡಿಮೆಯಾಗುತ್ತದೆ. ಅದೇ ಸಿಲಿಂಡರ್‌ನ ಪಿಸ್ಟನ್ 30 ಮಿಲಿಮೀಟರ್ ಮುಂದೆ ಹೋದರೆ ತಳ್ಳುವ ಆಯಿಲ್ ಬರೀ 9 ಮಿಲಿಲೀಟರ್ ಚಿಲ್ಲರೆ. ಎರಡು ಟೀ ಚಮಚದಷ್ಟೂ ಇಲ್ಲ. ಕಾರು ನಿಲ್ಲುವುದು ಅಷ್ಟರಿಂದಲೇ. ಆಯಿಲ್ ಕುಗ್ಗುವುದಿಲ್ಲ, ಆದ್ದರಿಂದ ಅಷ್ಟೇ ಸಾಕು.

ಗಾಳಿ ಹಾಗಲ್ಲ, ಕುಗ್ಗುತ್ತದೆ. ಪೈಪಿನಲ್ಲೆಲ್ಲೋ 2 ಮಿಲಿಲೀಟರ್ ಗಾಳಿ ಕೂತಿದೆ ಅನ್ನಿ. 25 ಕೆಜಿ ಒತ್ತಡ ಬಿದ್ದಾಗ ಅದು 0.1 ಮಿಲಿಲೀಟರಿಗಿಂತ ಚಿಕ್ಕದಾಗುತ್ತದೆ. ಅಂದರೆ ನೀವು ತಳ್ಳಿದ ಆಯಿಲ್‌ನಲ್ಲಿ ಐದನೇ ಒಂದು ಪಾಲು ಚಕ್ರಕ್ಕೆ ತಲುಪಲೇ ಇಲ್ಲ, ಗಾಳಿಯನ್ನು ಹಿಂಡುವುದರಲ್ಲೇ ಮುಗಿಯಿತು. ಕಾಲಿಗೆ ಸ್ಪಂಜು ಒತ್ತಿದ ಹಾಗೆ ಅನಿಸುವುದು ಇದಕ್ಕೇ. ಎರಡು ಮೂರು ಸಲ ಪಂಪ್ ಮಾಡಿದರೆ ಪೆಡಲ್ ಸ್ವಲ್ಪ ಗಟ್ಟಿಯಾಗಿ ಮೇಲೆ ಬರುತ್ತದೆ. ಗ್ಯಾರೇಜಿನಲ್ಲಿ ಇದಕ್ಕೆ ‘ಏರ್ ಹಿಡಿದಿದೆ’ ಅನ್ನುತ್ತಾರೆ.

ಘಾಟಿಯಲ್ಲಿ ಮೆತ್ತಗಾಗುವ ಪೆಡಲ್

ನನಗೆ ಈ ವಿಷಯದ ಬಗ್ಗೆ ಭಯ, ಭಕ್ತಿ ಎರಡೂ ಹುಟ್ಟಿದ್ದು ಆಗುಂಬೆ ಘಾಟಿಯಲ್ಲಿ. ಹದಿನಾಲ್ಕು ತಿರುವು. ಹಿಂದಿನ ಸೀಟಿನಲ್ಲಿ ಮೂರು ಜನ, ಡಿಕ್ಕಿಯಲ್ಲಿ ಮದುವೆಮನೆಯ ಸಾಮಾನು. ನಾನು ಮೂರನೇ ಗೇರಿನಲ್ಲಿ, ಬ್ರೇಕ್ ಮೇಲೆ ಕಾಲಿಟ್ಟೇ ಇಳಿಯುತ್ತಿದ್ದೆ. ಕೆಳಗಿನ ತಿರುವೊಂದರಲ್ಲಿ ಪೆಡಲ್ ಎಂದಿಗಿಂತ ಆಳಕ್ಕೆ ಹೋಯಿತು. ಎರಡು ಸಲ ಪಂಪ್ ಮಾಡಿದೆ, ಬ್ರೇಕ್ ಹಿಡಿಯಿತು. ಮೊದಲನೇ ಗೇರಿಗೆ ಹಾಕಿ ಹೇಗೋ ಸೋಮೇಶ್ವರಕ್ಕೆ ಇಳಿಸಿ ನಿಲ್ಲಿಸಿದೆ. ಮುಕ್ಕಾಲು ಗಂಟೆ ಬಿಟ್ಟು ನೋಡಿದರೆ ಪೆಡಲ್ ಏನೂ ಆಗದ ಹಾಗೆ ಗಟ್ಟಿ!

ಪೈಪಿನೊಳಗೆ ಹೊರಗಿನ ಗಾಳಿ ಸೇರಿದ್ದರೆ ಪೆಡಲ್ ಯಾವಾಗಲೂ ಮೆತ್ತಗೇ ಇರುತ್ತದೆ. ಬಿಸಿಯಾದಾಗ ಮೆತ್ತಗಾಗಿ ತಣ್ಣಗಾದ ಮೇಲೆ ಸರಿಯಾಯಿತು ಅಂದರೆ ಕಥೆ ಬೇರೆ. ಅದು ಹಬೆ.

ಬ್ರೇಕ್ ಆಯಿಲ್ ಗಾಳಿಯಲ್ಲಿರುವ ತೇವವನ್ನು ಹೀರುತ್ತದೆ. ಡಬ್ಬಿಯ ಮುಚ್ಚಳದ ಸಣ್ಣ ಗಾಳಿಕಿಂಡಿಯಿಂದ, ರಬ್ಬರ್ ಹೋಸ್‌ಗಳ ಗೋಡೆಯಿಂದ ನೀರು ಮೆಲ್ಲಮೆಲ್ಲಗೆ ಸೇರುತ್ತದೆ. ನಮ್ಮ ಮಲೆನಾಡು, ಕರಾವಳಿಯ ಮಳೆಗಾಲ ನಿಮಗೆ ಗೊತ್ತೇ ಇದೆ, ಉಪ್ಪಿನಕಾಯಿ ಜಾಡಿಯ ಬಾಯಿ ಕಟ್ಟದೆ ಒಂದು ದಿನ ಬಿಡುವ ಹಾಗಿಲ್ಲ. ಡಾಟ್ 3 ದರ್ಜೆಯ ಆಯಿಲ್ ಹೊಸತಿರುವಾಗ ಕಡಿಮೆ ಅಂದರೂ 205 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದು ಅಂತ ನಿಯಮ. 3.7 ಶೇಕಡಾ ನೀರು ಸೇರಿದ ಮೇಲೆ ಆ ಅಂಕಿ 140ಕ್ಕೆ ಇಳಿಯುತ್ತದೆ. ಡಾಟ್ 4ಕ್ಕೆ 230 ಮತ್ತು 155. ಡಾಟ್ 5.1ಕ್ಕೆ 260 ಮತ್ತು 180.

140 ಡಿಗ್ರಿ ಜಾಸ್ತಿಯೇ ಅಲ್ವಾ ಅನಿಸಬಹುದು. ಇನ್ನೊಂದು ಲೆಕ್ಕ ನೋಡಿ. ಜನ, ಸಾಮಾನು ಸೇರಿ 1,000 ಕೆಜಿಯ ಕಾರು 500 ಮೀಟರ್ ಎತ್ತರ ಇಳಿದರೆ ಹೊರಬರುವ ಶಕ್ತಿ ಸುಮಾರು 49 ಲಕ್ಷ ಜೂಲ್. ಒಂದು ಕೊಡದಷ್ಟು, ಅಂದರೆ 15 ಲೀಟರ್ ತಣ್ಣೀರನ್ನು ಕುದಿಯುವವರೆಗೆ ಕಾಯಿಸಲು ಅಷ್ಟು ಸಾಕು. ಈ ಶಾಖದ ಒಂದು ಪಾಲನ್ನು ಎಂಜಿನ್ ನುಂಗುತ್ತದೆ, ನೀವು ಸಣ್ಣ ಗೇರಿನಲ್ಲಿದ್ದರೆ. ಇಲ್ಲದಿದ್ದರೆ ಹೆಚ್ಚುಕಡಿಮೆ ಎಲ್ಲವೂ ಬ್ರೇಕಿಗೇ. ಪಿಸ್ಟನ್ ಹಿಂದಿರುವ ಆಯಿಲ್‌ನಲ್ಲಿ ನೀರಿದ್ದರೆ ಅದು ಹಬೆಯಾಗುತ್ತದೆ. ಹಬೆಯೂ ಗಾಳಿಯ ಹಾಗೆಯೇ ಕುಗ್ಗುತ್ತದೆ.

ಆದ್ದರಿಂದ ಬ್ಲೀಡಿಂಗ್ ಅನ್ನುವ ಕೆಲಸ ಎರಡು ಕಾರಣಕ್ಕೆ ಬೇಕು. ರಿಪೇರಿಯಲ್ಲಿ ಪೈಪ್ ಬಿಚ್ಚಿ ಗಾಳಿ ಸೇರಿದ್ದರೆ ಅದನ್ನು ಹೊರಹಾಕಲು. ಹಳೇ ಆಯಿಲ್ ತೆಗೆದು ಹೊಸತು ತುಂಬಲು. ಎರಡಕ್ಕೂ ಮಾಡುವ ಕೆಲಸ ಒಂದೇ. ಆಯಿಲ್ ಬದಲಿಸಲು ಹಲವು ಕಂಪನಿಗಳು ಹೇಳುವ ಅವಧಿ ಎರಡು ವರ್ಷ. ನನ್ನದು ಆರು ವರ್ಷದ್ದಾಗಿತ್ತು. ತಪ್ಪು ನನ್ನದೇ.

ಹೆಸರು ಆಯಿಲ್, ಗುಣ ಬೇರೆ

ಮುಂದೆ ಹೋಗುವ ಮೊದಲು ಒಂದು ಎಚ್ಚರಿಕೆ. ನಾವೆಲ್ಲ ‘ಬ್ರೇಕ್ ಆಯಿಲ್’ ಅನ್ನುತ್ತೇವೆ, ನಾನೂ ಇಲ್ಲಿ ಹಾಗೇ ಬರೆಯುತ್ತಿದ್ದೇನೆ. ಆದರೆ ಡಾಟ್ 3, ಡಾಟ್ 4, ಡಾಟ್ 5.1 ಯಾವುದೂ ಎಣ್ಣೆಯಲ್ಲ. ಅವು ಗ್ಲೈಕಾಲ್ ಜಾತಿಯ ದ್ರವಗಳು, ನೀರಿನಲ್ಲಿ ಕರಗುತ್ತವೆ. ಬ್ರೇಕಿನ ರಬ್ಬರ್ ಸೀಲುಗಳನ್ನು ಆ ದ್ರವಕ್ಕೆ ಒಗ್ಗುವ ಹಾಗೆ ಮಾಡಿರುತ್ತಾರೆ. ಎಂಜಿನ್ ಆಯಿಲ್, ಪವರ್ ಸ್ಟೀರಿಂಗ್ ಆಯಿಲ್, ಗ್ರೀಸು ತಾಗಿದರೆ ಅವು ಊದಿಕೊಳ್ಳುತ್ತವೆ. ‘ಆಯಿಲ್ ಕಮ್ಮಿ ಇದೆ’ ಅಂತ ಕೈಗೆ ಸಿಕ್ಕ ಡಬ್ಬದಿಂದ ಒಂದಿಷ್ಟು ಸುರಿದರೆ ಮುಗಿಯಿತು. ಮಾಸ್ಟರ್ ಸಿಲಿಂಡರಿನಿಂದ ಹಿಡಿದು ರಬ್ಬರ್ ಇರುವ ಭಾಗಗಳನ್ನೆಲ್ಲ ಬದಲಿಸಬೇಕಾಗುತ್ತದೆ. ಹೆಸರಿನಿಂದ ಆಗುವ ಅನಾಹುತ ಇದು.

ಡಾಟ್ 5 ಅನ್ನುವುದು ಮತ್ತೊಂದು ಜಾತಿ, ಸಿಲಿಕೋನಿನದ್ದು. ಅದನ್ನು ಉಳಿದವುಗಳ ಜೊತೆ ಬೆರೆಸಬಾರದು. 5 ಮತ್ತು 5.1 ಒಂದೇ ಅಂದುಕೊಳ್ಳುವುದು ಸುಲಭ, ಹೆಸರಿಟ್ಟವರಿಗೆ ಏನು ಹೇಳೋಣ! ನಿಮ್ಮ ಕಾರಿಗೆ ಯಾವುದು ಬೇಕು ಅಂತ ಆಯಿಲ್ ಡಬ್ಬಿಯ ಮುಚ್ಚಳದ ಮೇಲೆಯೇ ಬರೆದಿರುತ್ತದೆ. ಸೀಲ್ ಒಡೆಯದ ಹೊಸ ಬಾಟಲಿಯನ್ನೇ ತನ್ನಿ. ಕಪಾಟಿನಲ್ಲಿ ಕಳೆದ ವರ್ಷ ಒಡೆದಿಟ್ಟ ಅರ್ಧ ಬಾಟಲಿ ಇಷ್ಟರಲ್ಲಿ ಬೇಕಾದಷ್ಟು ತೇವ ಕುಡಿದಿರುತ್ತದೆ. ಪೂರ್ತಿ ಬದಲಿಸಲು ಸಣ್ಣ ಕಾರಿಗೆ ಅರ್ಧ ಲೀಟರಿನಿಂದ ಒಂದು ಲೀಟರ್ ಬೇಕಾಗುತ್ತದೆ. ನಾನು ಒಂದು ಲೀಟರ್ ಇಟ್ಟುಕೊಂಡೇ ಕೂರುತ್ತೇನೆ. ಅರ್ಧದಲ್ಲಿ ಅಂಗಡಿಗೆ ಓಡಲು ಆಗ ಕಾರೂ ಇರುವುದಿಲ್ಲ ನೋಡಿ.

ಬಣ್ಣದ ಮೇಲೆ ಬಿದ್ದರೆ ಈ ದ್ರವ ಪೇಂಟ್ ಎಬ್ಬಿಸುತ್ತದೆ. ಒಂದು ಬಕೆಟ್ ನೀರು ಪಕ್ಕದಲ್ಲಿರಲಿ, ಚೆಲ್ಲಿದ ತಕ್ಷಣ ಧಾರಾಳವಾಗಿ ಸುರಿದು ತೊಳೆಯಿರಿ. ಕಣ್ಣಿಗೆ ಕನ್ನಡಕ, ಕೈಗೆ ಗ್ಲೌಸ್.

ಬಾಗಿಲು ಹಾಕುವವರು ಯಾರು

ಪ್ರತಿ ಚಕ್ರದ ಬ್ರೇಕಿನ ಹಿಂಭಾಗದಲ್ಲಿ ಒಂದು ಸಣ್ಣ ನಿಪ್ಪಲ್ ಇರುತ್ತದೆ, ಮೇಲೆ ರಬ್ಬರ್ ಟೋಪಿ. ನಡುವೆ ತೂತಿರುವ ಸ್ಕ್ರೂ ಅದು. ಕಾಲು ಸುತ್ತು ಸಡಿಲಿಸಿದರೆ ದಾರಿ ತೆರೆಯುತ್ತದೆ, ಬಿಗಿ ಮಾಡಿದರೆ ಮುಚ್ಚುತ್ತದೆ. ಗಾಳಿ ಮೇಲೇರುವುದರಿಂದ ನಿಪ್ಪಲ್ ಅನ್ನು ಯಾವಾಗಲೂ ಕ್ಯಾಲಿಪರ್‌ನ ಮೇಲ್ತುದಿಯಲ್ಲಿ ಇಟ್ಟಿರುತ್ತಾರೆ. ರಿಪೇರಿಯಲ್ಲಿ ಎಡದ ಕ್ಯಾಲಿಪರ್ ಬಲಕ್ಕೆ, ಬಲದ್ದು ಎಡಕ್ಕೆ ಕೂತುಬಿಟ್ಟರೆ ನಿಪ್ಪಲ್ ಕೆಳಗೆ ಬರುತ್ತದೆ. ಆಮೇಲೆ ಎಷ್ಟು ಲೀಟರ್ ಆಯಿಲ್ ಹರಿಸಿದರೂ ಮೇಲೆ ಕೂತ ಗಾಳಿ ಕದಲುವುದಿಲ್ಲ.

ಪೆಡಲ್ ಒತ್ತಿ ನಿಪ್ಪಲ್ ತೆರೆದರೆ ಆಯಿಲ್, ಗಾಳಿ ಎರಡೂ ಹೊರಗೆ ಚಿಮ್ಮುತ್ತವೆ. ಇಲ್ಲಿಯವರೆಗೆ ಸರಿ. ಈಗ ಪೆಡಲ್ ಬಿಟ್ಟರೆ ಪಿಸ್ಟನ್ ಹಿಂದಕ್ಕೆ ಬರುತ್ತದೆ, ಹಿಂದೆ ಬರುತ್ತಾ ಎಳೆಯುತ್ತದೆ. ನಿಪ್ಪಲ್ ತೆರೆದೇ ಇದ್ದರೆ ಅದೇ ದಾರಿಯಲ್ಲಿ ಹೊರಗಿನ ಗಾಳಿ ಒಳಗೆ ಬರುತ್ತದೆ. ಮುಚ್ಚಿದ್ದರೆ ಪಿಸ್ಟನ್‌ಗೆ ಬೇರೆ ದಾರಿಯಿಲ್ಲ, ಮೇಲಿನ ಡಬ್ಬಿಯಿಂದ ಹೊಸ ಆಯಿಲ್ ಎಳೆದುಕೊಳ್ಳಲೇಬೇಕು.

ಅಪ್ಪನ ‘ಹಿಡ್ಕೋ’ ಮತ್ತು ‘ಬಿಡು’ ನಡುವೆ ಆಗುತ್ತಿದ್ದದ್ದು ಇದು. ಅವರು ಬಾಗಿಲು ಹಾಕುವ ತನಕ ನಾನು ಕಾಲು ಎತ್ತುವಂತಿರಲಿಲ್ಲ. ನಾನು ಎತ್ತಿದೆ, ಗಾಳಿ ವಾಪಸ್ ಬಂತು, ಬೈಗುಳವೂ ಬಂತು.

ಹೊಲ, ತೋಟ ಇರುವವರಿಗೆ ಇದನ್ನು ಹೇಳಿಕೊಡಬೇಕಿಲ್ಲ. ಬಾವಿಗೆ ಇಳಿಬಿಟ್ಟ ಪೈಪಿನ ತಳದಲ್ಲಿ ಫುಟ್‌ವಾಲ್ವ್ ಇರುತ್ತದಲ್ಲ, ಅದೂ ಒಮ್ಮುಖದ ಬಾಗಿಲೇ. ನೀರು ಮೇಲೆ ಬರಬಹುದು, ಕೆಳಗಿಳಿಯುವ ಹಾಗಿಲ್ಲ. ಅದು ಕೆಟ್ಟು ಪೈಪಿನಲ್ಲಿ ಗಾಳಿ ತುಂಬಿದರೆ ಪಂಪು ಸುಮ್ನೆ ತಿರುಗುತ್ತದೆ, ನೀರು ಬರುವುದಿಲ್ಲ. ಒಬ್ಬರೇ ಬ್ರೇಕ್ ಬ್ಲೀಡ್ ಮಾಡುವವರಿಗೂ ಬೇಕಾದದ್ದು ಅಂಥದೇ ಒಂದು ಫುಟ್‌ವಾಲ್ವ್.

ತೀರಾ ಸರಳ ದಾರಿ ಅಂದರೆ ಪೆಡಲನ್ನೇ ಮುಟ್ಟದಿರುವುದು. ಡಬ್ಬಿ ತುಂಬಿಸಿ, ಮುಚ್ಚಳ ಸಡಿಲಿಸಿ, ನಿಪ್ಪಲ್ ತೆರೆದಿಟ್ಟರೆ ಆಯಿಲ್ ತನ್ನ ಭಾರಕ್ಕೆ ತಾನೇ ತೊಟ್ಟಿಕ್ಕುತ್ತದೆ. ಪೆಡಲ್ ಮೇಲೆ ಬರುವ ಪ್ರಶ್ನೆಯೇ ಇಲ್ಲ, ಬಾಗಿಲಿನ ಚಿಂತೆಯೂ ಇಲ್ಲ. ಆದರೆ ಇದು ತುಂಬ ನಿಧಾನ. ಹರಿವು ಸಣ್ಣದಿರುವುದರಿಂದ ಪೈಪಿನ ಏರಿನಲ್ಲಿ ಸಿಕ್ಕಿಕೊಂಡ ಗುಳ್ಳೆಯನ್ನು ಎಳೆದು ತರುವ ಶಕ್ತಿ ಅದಕ್ಕಿಲ್ಲ. ಆಯಿಲ್ ಕೆಳಗಿಳಿಯುತ್ತಿರುತ್ತದೆ, ಗುಳ್ಳೆ ಮೇಲೇರಲು ನೋಡುತ್ತಿರುತ್ತದೆ, ಕೊನೆಗೆ ಗುಳ್ಳೆ ಇದ್ದಲ್ಲೇ. ಬರೀ ಆಯಿಲ್ ಬದಲಿಸಲು ಸಾಲುತ್ತದೆ. ಗಾಳಿ ತೆಗೆಯಲು ನಾನು ಇದನ್ನು ನಂಬುವುದಿಲ್ಲ.

ನಿಪ್ಪಲ್ ಕಡೆಯಿಂದ ಕೈಪಂಪಿನಲ್ಲಿ ಎಳೆಯುವುದು ಇನ್ನೊಂದು. ವ್ಯಾಕ್ಯೂಮ್ ಪಂಪ್ ಅಂತ ಸಿಗುತ್ತದೆ. ಚೆನ್ನಾಗಿಯೇ ಕೆಲಸ ಮಾಡುತ್ತದೆ, ಆದರೆ ಮನುಷ್ಯನನ್ನು ಗೊಂದಲಕ್ಕೆ ಹಾಕುತ್ತದೆ. ನಿಪ್ಪಲ್‌ನ ಮರೆಗಳ, ಅಂದರೆ ಸ್ಕ್ರೂ ಥ್ರೆಡ್ಡಿನ, ಸಂದಿಯಿಂದ ಹೊರಗಿನ ಗಾಳಿಯನ್ನೂ ಎಳೆಯುವುದರಿಂದ ಟ್ಯೂಬಿನಲ್ಲಿ ಗುಳ್ಳೆ ಬರುತ್ತಲೇ ಇರುತ್ತದೆ. ಒಳಗಿನ ಗಾಳಿ ಯಾವುದು, ಸಂದಿಯ ಗಾಳಿ ಯಾವುದು ಅಂತ ತಿಳಿಯುವುದಿಲ್ಲ. ಮೊದಲ ಸಲ ನಾನು ಹೀಗೇ ಅರ್ಧ ಬಾಟಲಿ ಆಯಿಲ್ ದಂಡ ಮಾಡಿದೆ.

ಮೇಲಿನ ಡಬ್ಬಿಗೆ ಬೇರೆ ಮುಚ್ಚಳ ಹಾಕಿ ಅಲ್ಲಿಂದಲೇ ಒತ್ತಡ ಕೊಡುವ ಪ್ರೆಶರ್ ಬ್ಲೀಡರ್ ಇದೆ. ಗಿಡಕ್ಕೆ ಔಷಧಿ ಹೊಡೆಯುವ ಸಣ್ಣ ಪಂಪಿನ ಹಾಗಿರುತ್ತದೆ. 10ರಿಂದ 15 ಪಿಎಸ್‌ಐ ಸಾಕು. ಹರಿವು ಯಾವಾಗಲೂ ಹೊರಮುಖವಾಗಿಯೇ ಇರುವುದರಿಂದ ಬಾಗಿಲಿನ ಸಮಸ್ಯೆಯೇ ಹುಟ್ಟುವುದಿಲ್ಲ. ಎಲ್ಲಕ್ಕಿಂತ ಒಳ್ಳೆಯ ವಿಧಾನ ಇದೇ ಅಂತ ಒಪ್ಪುತ್ತೇನೆ. ತೊಡಕು ಮುಚ್ಚಳದ್ದು. ನಿಮ್ಮ ಡಬ್ಬಿಗೆ ಸರಿಯಾಗಿ ಕೂರುವ ಮುಚ್ಚಳ ಸಿಗದಿದ್ದರೆ ಆಯಿಲ್ ಎಂಜಿನ್ ಮೇಲೆಲ್ಲ ಚಿಮ್ಮುತ್ತದೆ. ಎರಡು ವರ್ಷಕ್ಕೊಮ್ಮೆ ಮಾಡುವ ಕೆಲಸಕ್ಕೆ ಇಷ್ಟು ಸರಂಜಾಮು ಬೇಕಾ ಅನ್ನುವುದು ನಿಮಗೆ ಬಿಟ್ಟದ್ದು.

ಒಳಗೆ ಸ್ಪ್ರಿಂಗು, ಪುಟ್ಟ ಗುಂಡು ಇರುವ ನಿಪ್ಪಲ್‌ಗಳೂ ಬರುತ್ತವೆ. ಒತ್ತಿದಾಗ ತೆರೆದು, ಬಿಟ್ಟಾಗ ತಾನೇ ಮುಚ್ಚುತ್ತವೆ. ಮರೆಯ ಅಳತೆ ನಿಮ್ಮ ಕಾರಿನದ್ದಕ್ಕೆ ಸರಿಹೊಂದಬೇಕು, ಅಷ್ಟೇ.

ನನ್ನ ಮೆಚ್ಚಿನದು ಬಾಟಲಿ ವಿಧಾನ. ಒಂದು ಪ್ಲಾಸ್ಟಿಕ್ ಬಾಟಲಿ, ಒಳಗಿರುವುದು ಕಾಣುವಂಥ ಒಂದು ಮೀಟರ್ ಟ್ಯೂಬ್, ತಳದಲ್ಲಿ ಎರಡು ಬೆರಳಿನಷ್ಟು ಹೊಸ ಬ್ರೇಕ್ ಆಯಿಲ್. ಟ್ಯೂಬಿನ ಒಂದು ತುದಿ ನಿಪ್ಪಲ್‌ಗೆ ಬಿಗಿಯಾಗಿ ಕೂರಬೇಕು. ಇನ್ನೊಂದು ತುದಿ ಬಾಟಲಿಯ ಆಯಿಲ್‌ನಲ್ಲಿ ಮುಳುಗಿರಬೇಕು. ಬಾಟಲಿಯ ಮುಚ್ಚಳಕ್ಕೆ ಟ್ಯೂಬಿಗೊಂದು ತೂತು, ಗಾಳಿ ಹೋಗಲು ಇನ್ನೊಂದು. ಅಕ್ವೇರಿಯಂ ಅಂಗಡಿಯ ಟ್ಯೂಬ್ ನಡೆಯುತ್ತದೆ. ಆಯಿಲ್ ತಾಗಿ ಮುಂದೆ ಗಟ್ಟಿಯಾಗುತ್ತದೆ, ಆಗ ಎಸೆದು ಹೊಸತು ತಂದರಾಯಿತು.

ಇಲ್ಲಿ ಬಾಗಿಲು ಹಾಕುವುದು ಯಾರು? ಟ್ಯೂಬಿನಲ್ಲಿರುವ ಆಯಿಲ್. ಪೆಡಲ್ ಬಿಟ್ಟಾಗ ಪಿಸ್ಟನ್ ನಿಪ್ಪಲ್ ಕಡೆಯಿಂದ ಎಳೆದರೂ ಒಳಗೆ ಬರುವುದು ಗಾಳಿಯಲ್ಲ, ಟ್ಯೂಬಿನಲ್ಲಿ ನಿಂತ ಆಯಿಲ್. ಒಳಗಿನ ವ್ಯಾಸ 4 ಮಿಲಿಮೀಟರ್ ಇರುವ ಟ್ಯೂಬಿನ ಒಂದು ಮೀಟರಿನಲ್ಲಿ ಸುಮಾರು 12 ಮಿಲಿಲೀಟರ್ ಹಿಡಿಯುತ್ತದೆ. ಪೆಡಲ್‌ನ ಒಂದು ಒತ್ತಿಗೆ ಹೋಗುವುದು 9. ಟ್ಯೂಬ್ ಉದ್ದ ಇರಲಿ ಅನ್ನುವುದು ಇದಕ್ಕೇ. ಟ್ಯೂಬನ್ನು ನಿಪ್ಪಲ್‌ನಿಂದ ನೇರ ಕೆಳಗೆ ಇಳಿಬಿಡಬೇಡಿ. ಮೊದಲು ಒಂದು ಗೇಣು ಮೇಲಕ್ಕೆ ಏರಿಸಿ, ಕಮಾನು ಮಾಡಿ, ಆಮೇಲೆ ಬಾಟಲಿಗೆ ಇಳಿಸಿ. ಹೊರಬಂದ ಗುಳ್ಳೆ ಕಮಾನಿನ ಮೇಲೆ ಹೋಗಿ ಕೂರುತ್ತದೆ, ನಿಪ್ಪಲ್ ಬಳಿ ಆಯಿಲ್ ಮಾತ್ರ ಉಳಿಯುತ್ತದೆ. ಗ್ಲುಕೋಸ್ ಹಾಕುವಾಗ ನರ್ಸ್ ಟ್ಯೂಬ್ ತಟ್ಟಿ ಗುಳ್ಳೆಯನ್ನು ಮೇಲೆ ಕಳಿಸುವುದು ನೋಡಿದ್ದೀರಲ್ಲ, ಅದೇ ಉಪಾಯ.

ಟ್ಯೂಬಿನ ನಡುವೆ ಒಮ್ಮುಖದ ಸಣ್ಣ ವಾಲ್ವ್ ಸೇರಿಸಿದರೆ ಇನ್ನೂ ಒಳ್ಳೆಯದು. ಇಲ್ಲದಿದ್ದರೂ ನಡೆಯುತ್ತದೆ.

ಕೆಲಸಕ್ಕೆ ಇಳಿದಾಗ

ಸಮತಟ್ಟಾದ ಗಟ್ಟಿ ನೆಲ ಬೇಕು. ಚಕ್ರಗಳಿಗೆ ಮುಂದೆ ಹಿಂದೆ ಅಡೆಗಟ್ಟೆ ಇಡಿ. ಜಾಕ್ ಎತ್ತಲು ಮಾತ್ರ, ಹೊತ್ತು ನಿಲ್ಲಲು ಸ್ಟ್ಯಾಂಡ್ ಬೇಕೇ ಬೇಕು. ಇಟ್ಟಿಗೆ, ಸಿಮೆಂಟ್ ಬ್ಲಾಕ್ ಇಡಬೇಡಿ, ಅವು ಹೇಳದೆ ಕೇಳದೆ ಒಡೆಯುತ್ತವೆ. ಬಿಚ್ಚಿದ ಚಕ್ರವನ್ನು ಕಾರಿನ ಅಂಚಿನ ಕೆಳಗೆ ಮಲಗಿಸಿ. ಸ್ಟ್ಯಾಂಡ್ ಜಾರಿದರೂ ಕಾರು ಅದರ ಮೇಲೆ ಕೂರುತ್ತದೆ, ನಿಮ್ಮ ಮೇಲಲ್ಲ. ಒಬ್ಬರೇ ಇರುವಾಗ ಕೂಗಿದರೆ ಕೇಳುವವರೂ ಇರುವುದಿಲ್ಲ. ಮನೆಯಲ್ಲಿ ಯಾರಿಗಾದರೂ ಹೇಳಿ ಹೋಗಿ, ಮೊಬೈಲ್ ಕೈಗೆ ಎಟುಕುವಲ್ಲಿರಲಿ.

ಎಲ್ಲಕ್ಕಿಂತ ಮೊದಲು ನಾಲ್ಕೂ ನಿಪ್ಪಲ್ ತಿರುಗುತ್ತವೆಯೇ ನೋಡಿ. ಹಿಂದಿನ ದಿನವೇ ತುಕ್ಕು ಬಿಡಿಸುವ ಸ್ಪ್ರೇಯನ್ನು ಬುಡಕ್ಕೆ ಮಾತ್ರ ಹೊಡೆದಿಡಿ, ಡಿಸ್ಕಿಗೆ, ಪ್ಯಾಡಿಗೆ ತಾಗಬಾರದು. ನಿಪ್ಪಲ್ ಒಳಗೆ ಟೊಳ್ಳು, ಬೇಗ ಮುರಿಯುತ್ತದೆ. ಬಾಯಿ ತೆರೆದ ಸ್ಪ್ಯಾನರ್ ಬೇಡ, ರಿಂಗ್ ಸ್ಪ್ಯಾನರೇ ಆಗಬೇಕು. ಅಳತೆ ಸಾಮಾನ್ಯವಾಗಿ 8 ಅಥವಾ 10. ಮೊದಲು ಒಂದು ಕೂದಲೆಳೆಯಷ್ಟು ಬಿಗಿ ಮಾಡಿ ಆಮೇಲೆ ಸಡಿಲಿಸಿದರೆ ತುಕ್ಕು ಬೇಗ ಬಿಡುತ್ತದೆ. ಜಗ್ಗದಿದ್ದರೆ ಅಲ್ಲಿಗೇ ನಿಲ್ಲಿಸಿ ಗ್ಯಾರೇಜಿಗೆ ಹೋಗಿ. ಮುರಿದ ನಿಪ್ಪಲ್‌ನ ತುಂಡು ತೆಗೆಸುವ ತಲೆನೋವು ಯಾರಿಗೂ ಬೇಡ.

ಎಂಜಿನ್ ಆಫ್ ಇರಲಿ. ನಾಲ್ಕೈದು ಸಲ ಪೆಡಲ್ ಒತ್ತಿ ಬೂಸ್ಟರ್‌ನಲ್ಲಿ ಉಳಿದ ವ್ಯಾಕ್ಯೂಮ್ ಖಾಲಿ ಮಾಡಿ. ಮೇಲಿನ ಡಬ್ಬಿಯ ಹಳೇ ಆಯಿಲ್ ಅನ್ನು ಸಿರಿಂಜಿನಿಂದ ಎಳೆದು ತೆಗೆಯಿರಿ. ಪೂರ್ತಿ ಬೇಡ, ತಳದಲ್ಲಿ ಸ್ವಲ್ಪ ಉಳಿಯಲಿ. ಹೊಸತನ್ನು ಮ್ಯಾಕ್ಸ್ ಗೆರೆಯವರೆಗೆ ತುಂಬಿ.

ಪೆಡಲ್ ಕೆಳಗೆ ಎರಡಿಂಚು ದಪ್ಪದ ಮರದ ತುಂಡು ಇಡಿ. ಇದನ್ನು ಬಹಳ ಜನ ಹೇಳುವುದಿಲ್ಲ. ದಿನವೂ ಓಡಿಸುವಾಗ ಪಿಸ್ಟನ್ ಸಿಲಿಂಡರ್‌ನ ಮೊದಲರ್ಧದಲ್ಲೇ ಓಡಾಡುತ್ತಿರುತ್ತದೆ. ಆಚೆಯ ಭಾಗದಲ್ಲಿ ವರ್ಷಗಳಿಂದ ತುಕ್ಕು, ಕೊಳೆ ಕಟ್ಟಿರಬಹುದು. ಬ್ಲೀಡ್ ಮಾಡುವಾಗ ಪೆಡಲ್ ನೆಲಕ್ಕೆ ತಾಗುವಷ್ಟು ಒತ್ತಿದರೆ ರಬ್ಬರ್ ಸೀಲು ಆ ಒರಟು ಜಾಗಕ್ಕೆ ಹೋಗಿ ಹರಿಯುತ್ತದೆ. ‘ಬ್ಲೀಡ್ ಮಾಡಿದ ಮೇಲೆ ಮಾಸ್ಟರ್ ಸಿಲಿಂಡರ್ ಹೋಯ್ತು’ ಅನ್ನುವ ಕಥೆಗಳಲ್ಲಿ ಕೆಲವು ಹೀಗೆ ಹುಟ್ಟಿದವು.

ಯಾವ ಚಕ್ರ ಮೊದಲು? ಕಾರಿನ ಪುಸ್ತಕ ಹೇಳಿದ ಕ್ರಮವೇ ಸರಿ. ಅದು ಸಿಗದಿದ್ದರೆ ಮಾಸ್ಟರ್ ಸಿಲಿಂಡರಿನಿಂದ ದೂರದ್ದು ಮೊದಲು ಅನ್ನುವುದು ಹಳೇ ರೂಢಿ. ನಮ್ಮಲ್ಲಿ ಸ್ಟೀರಿಂಗ್ ಬಲಕ್ಕಿರುವುದರಿಂದ ಹಿಂದಿನ ಎಡ, ಹಿಂದಿನ ಬಲ, ಮುಂದಿನ ಎಡ, ಕೊನೆಗೆ ಮುಂದಿನ ಬಲ. ಈಗಿನ ಎಷ್ಟೋ ಕಾರುಗಳಲ್ಲಿ ಪೈಪುಗಳು ಅಡ್ಡಡ್ಡ ಜೋಡಿಯಾಗಿರುತ್ತವೆ, ಒಂದು ಮುಂದಿನ ಚಕ್ರದ ಜೊತೆ ಎದುರು ಮೂಲೆಯ ಹಿಂದಿನ ಚಕ್ರ. ಅವುಗಳಲ್ಲಿ ಕೆಲವಕ್ಕೆ ಕಂಪನಿಯೇ ಬೇರೆ ಕ್ರಮ ಹೇಳುತ್ತದೆ. ಇನ್ನೊಂದು ವಿಷಯ. ಹೊರೆ ನೋಡಿ ಹಿಂದಿನ ಬ್ರೇಕಿನ ಒತ್ತಡ ಹೊಂದಿಸುವ ವಾಲ್ವ್ ಕೆಲವು ಹಳೇ ಕಾರು, ವ್ಯಾನ್‌ಗಳಲ್ಲಿದೆ. ಹಿಂದಿನ ಆಕ್ಸಲ್ ಗಾಳಿಯಲ್ಲಿ ತೂಗುತ್ತಿದ್ದರೆ ಅದು ‘ಹೊರೆ ಇಲ್ಲ’ ಅಂದುಕೊಂಡು ಆಯಿಲ್ ತಡೆಯುತ್ತದೆ. ಅಂಥ ಗಾಡಿಯ ಹಿಂದಿನ ಚಕ್ರಗಳು ನೆಲದ ಮೇಲೇ ಇರಲಿ.

ರಿಂಗ್ ಸ್ಪ್ಯಾನರ್ ಮೊದಲು ನಿಪ್ಪಲ್‌ಗೆ ಹಾಕಿ, ಆಮೇಲೆ ಟ್ಯೂಬ್ ಸಿಕ್ಕಿಸಿ. ಕ್ರಮ ತಪ್ಪಿದರೆ ಮತ್ತೆ ಟ್ಯೂಬ್ ಕಿತ್ತು ಸ್ಪ್ಯಾನರ್ ಹಾಕಬೇಕು, ನನಗೆ ಪ್ರತಿ ಸಲ ಆಗುತ್ತದೆ. ಕಾಲು ಸುತ್ತು ಸಡಿಲಿಸಿ, ಅದಕ್ಕಿಂತ ಜಾಸ್ತಿ ಬೇಡ. ಜಾಸ್ತಿ ತೆರೆದಷ್ಟೂ ಮರೆಗಳ ಸಂದಿಯಿಂದ ಗಾಳಿ ನುಸುಳುತ್ತದೆ. ಈಗ ಸೀಟಿಗೆ ಹೋಗಿ ಪೆಡಲ್ ಒತ್ತಿ. ಒತ್ತುವುದು ಒಂದೇ ಸಮನಾಗಿ, ಬಿಡುವುದು ನಿಧಾನವಾಗಿ. ನಿಧಾನವಾಗಿ ಬಿಟ್ಟರೆ ಪಿಸ್ಟನ್ ಮೇಲಿನ ಡಬ್ಬಿಯಿಂದ ಎಳೆದುಕೊಳ್ಳಲು ಸಮಯ ಸಿಗುತ್ತದೆ, ಕೆಳಗಿನ ನಿಪ್ಪಲ್ ಕಡೆಯ ಎಳೆತ ಕಡಿಮೆಯಾಗುತ್ತದೆ. ದಡಬಡ ಪಂಪ್ ಮಾಡಿದರೆ ಒಂದು ದೊಡ್ಡ ಗುಳ್ಳೆ ನೂರು ಸಣ್ಣ ಗುಳ್ಳೆಯಾಗಿ ನೊರೆಯಾಗುತ್ತದೆ. ನೊರೆ ತೆಗೆಯುವುದು ಇನ್ನೂ ಕಷ್ಟ.

ಐದು ಸಲ ಒತ್ತಿ, ಇಳಿದು ಬಂದು ಮೇಲಿನ ಡಬ್ಬಿ ನೋಡಿ, ತುಂಬಿಸಿ. ಈ ಇಳಿದು ಹತ್ತುವ ಕೆಲಸಕ್ಕೆ ಬೇಜಾರು ಮಾಡಿಕೊಳ್ಳಬೇಡಿ. ಡಬ್ಬಿ ಖಾಲಿಯಾಗಿ ಮಾಸ್ಟರ್ ಸಿಲಿಂಡರ್ ಗಾಳಿ ನುಂಗಿತೋ, ಎಲ್ಲ ಚಕ್ರವೂ ಮೊದಲಿಂದ. ಜೋರಾಗಿ ಬ್ರೇಕ್ ಹಾಕಿದಾಗ ಚಕ್ರ ಲಾಕ್ ಆಗದಂತೆ ತಡೆಯುವ ಎಬಿಎಸ್ ಇದ್ದರೆ ಇನ್ನೂ ತೊಂದರೆ. ಅದರ ಸಣ್ಣ ಸಣ್ಣ ವಾಲ್ವ್‌ಗಳೊಳಗೆ ಗಾಳಿ ಹೊಕ್ಕರೆ ಪೆಡಲ್ ಒತ್ತಿ ತೆಗೆಯಲು ಆಗುವುದಿಲ್ಲ. ಸ್ಕ್ಯಾನರ್ ಜೋಡಿಸಿ ಒಳಗಿನ ಪಂಪನ್ನು ಓಡಿಸಿಯೇ ತೆಗೆಯಬೇಕು. 2019ರ ಏಪ್ರಿಲ್‌ನಿಂದ ನಮ್ಮಲ್ಲಿ ಹೊಸ ಕಾರುಗಳಿಗೆಲ್ಲ ಎಬಿಎಸ್ ಕಡ್ಡಾಯ. ಆಮೇಲಿನ ಕಾರು ನಿಮ್ಮದಾದರೆ ಡಬ್ಬಿಯ ಮೇಲೆ ಎರಡು ಕಣ್ಣಿಡಿ.

ಟ್ಯೂಬಿನಲ್ಲಿ ಮೊದಲು ಕಾಫಿ ಬಣ್ಣದ್ದು ಬರುತ್ತದೆ, ಆಮೇಲೆ ತಿಳಿ ಜೇನಿನ ಬಣ್ಣ. ಗುಳ್ಳೆ ನಿಂತು ಹೊಸ ಬಣ್ಣ ಬಂದ ಮೇಲೂ ನಾಲ್ಕೈದು ಸಲ ಒತ್ತಿ. ಟ್ಯೂಬಿನಲ್ಲಿ ಆಯಿಲ್ ತುಂಬಿರುವಾಗಲೇ ನಿಪ್ಪಲ್ ಮುಚ್ಚಿ, ಆಮೇಲೆ ಟ್ಯೂಬ್ ತೆಗೆಯಿರಿ. ಬಿಗಿ ಮಾಡುವಾಗ ಗಂಡಸುತನ ತೋರಿಸಬೇಡಿ. ಸುಮಾರು 10 ನ್ಯೂಟನ್ ಮೀಟರ್ ಅಂದರೆ ಸಣ್ಣ ಸ್ಪ್ಯಾನರನ್ನು ಮಣಿಕಟ್ಟಿನಿಂದ ತಿರುಗಿಸಿದಷ್ಟು. ರಬ್ಬರ್ ಟೋಪಿ ಮರೆಯದೆ ಹಾಕಿ, ಅದಿಲ್ಲದಿದ್ದರೆ ತೂತಿಗೆ ಕೆಸರು ಹೊಕ್ಕು ಮುಂದಿನ ಸಲ ನಿಪ್ಪಲ್ ಕಟ್ಟಿಕೊಂಡಿರುತ್ತದೆ.

ಕೈ ಹಾಕಬಾರದ ಸಂದರ್ಭಗಳು

ಪೆಡಲ್ ಮೇಲೆ ಕಾಲಿಟ್ಟು ಒಂದೇ ಸಮನಾಗಿ ಒತ್ತಿ ಹಿಡಿದಾಗ ಅದು ಮೆಲ್ಲಗೆ ನೆಲದ ಕಡೆ ಇಳಿಯುತ್ತಾ ಹೋದರೆ ಅದು ಗಾಳಿಯಲ್ಲ. ಎಲ್ಲೋ ಸೋರುತ್ತಿದೆ, ಇಲ್ಲವೇ ಮಾಸ್ಟರ್ ಸಿಲಿಂಡರ್‌ನ ಸೀಲು ಒಳಗೇ ಬಿಟ್ಟುಕೊಟ್ಟಿದೆ. ಎಷ್ಟು ಬ್ಲೀಡ್ ಮಾಡಿದರೂ ಸರಿಹೋಗದು. ಪೆಡಲ್ ಕಲ್ಲಿನ ಹಾಗೆ ಗಟ್ಟಿಯಾಗಿ, ಕಾರು ನಿಲ್ಲದಿದ್ದರೆ ಬೂಸ್ಟರ್ ಕಡೆ ನೋಡಬೇಕು. ಡಬ್ಬಿಯ ಆಯಿಲ್ ತಿಂಗಳುಗಳಲ್ಲಿ ಸ್ವಲ್ಪ ಸ್ವಲ್ಪವೇ ಇಳಿದರೆ ಪ್ಯಾಡ್ ಸವೆದಿದೆ ಅಂತ ಅರ್ಥ ಇರಬಹುದು. ಪ್ಯಾಡ್ ಸವೆದಷ್ಟೂ ಪಿಸ್ಟನ್ ಮುಂದೆ ಬಂದು ಅದರ ಹಿಂದೆ ಜಾಸ್ತಿ ಆಯಿಲ್ ನಿಲ್ಲುತ್ತದೆ. ದಿಢೀರನೆ ಇಳಿದರೆ ಸೋರಿಕೆ, ಗಾಡಿ ತೆಗೆಯಬೇಡಿ. ಹೈಬ್ರಿಡ್ ಮತ್ತು ಎಲೆಕ್ಟ್ರಿಕ್ ಕಾರುಗಳಲ್ಲಿ ಹಲವದಕ್ಕೆ ಬ್ರೇಕಿನ ಒತ್ತಡವನ್ನು ಕಂಪ್ಯೂಟರೇ ನೋಡಿಕೊಳ್ಳುತ್ತದೆ, ಅವನ್ನು ಮನೆಯಲ್ಲಿ ಮುಟ್ಟದಿರುವುದೇ ಮೇಲು. ಇಂಥ ಕೆಲಸಕ್ಕೆ ಇದೇ ಮೊದಲು ಕೈ ಹಾಕುತ್ತಿದ್ದರೆ, ಒಂದು ಸಲ ಗೊತ್ತಿರುವವರ ಪಕ್ಕ ಕೂತು ನೋಡಿ.

ಎಲ್ಲ ಮುಗಿದು ಚಕ್ರ ಹಾಕಿದ ಮೇಲೆ ಕಾರು ಅಲುಗಿಸುವ ಮೊದಲೇ ಪೆಡಲ್ ಪರೀಕ್ಷೆ. ಎಂಜಿನ್ ಆಫ್ ಇಟ್ಟು ಒತ್ತಿ, ಮೇಲೆಯೇ ಗಟ್ಟಿಯಾಗಿ ನಿಲ್ಲಬೇಕು. ಒಂದು ನಿಮಿಷ ಹಿಡಿದಿಡಿ, ಇಳಿಯಬಾರದು. ಒತ್ತಿಕೊಂಡೇ ಎಂಜಿನ್ ಸ್ಟಾರ್ಟ್ ಮಾಡಿದರೆ ಪೆಡಲ್ ಸ್ವಲ್ಪ ಕುಸಿಯುತ್ತದೆ. ಅದು ಬೂಸ್ಟರ್ ಕೆಲಸ ಶುರು ಮಾಡಿದ್ದು, ಗಾಬರಿ ಬೇಡ. ಕೆಳಗೆ ಬಗ್ಗಿ ನಾಲ್ಕೂ ನಿಪ್ಪಲ್ ಒಣಗಿದೆಯೇ ನೋಡಿ. ಆಮೇಲೆ ಅಂಗಳದಲ್ಲೋ ಖಾಲಿ ರಸ್ತೆಯಲ್ಲೋ ನಡಿಗೆಯ ವೇಗದಲ್ಲಿ ಐದಾರು ಸಲ ನಿಲ್ಲಿಸಿ ನೋಡಿ, ಕೈ ಹ್ಯಾಂಡ್‌ಬ್ರೇಕ್ ಮೇಲೇ ಇರಲಿ. ಘಾಟಿಯ ಕಡೆ ಅದೇ ದಿನ ಹೊರಡಬೇಡಿ.

ತೆಗೆದ ಹಳೇ ಆಯಿಲ್ ವಿಷ. ಮೋರಿಗೆ, ಗಿಡದ ಬುಡಕ್ಕೆ ಸುರಿಯಬಾರದು. ತಂಪು ಪಾನೀಯದ ಬಾಟಲಿಯಲ್ಲಂತೂ ಇಡಲೇಬೇಡಿ, ನೋಡಲು ಶರಬತ್ತಿನ ಹಾಗೇ ಇರುತ್ತದೆ, ಮಕ್ಕಳ ಕೈಗೆ ಸಿಕ್ಕೀತು. ಆಯಿಲ್ ಬಂದ ಡಬ್ಬಕ್ಕೇ ವಾಪಸ್ ತುಂಬಿ, ಮೇಲೆ ‘ಹಳೇ ಬ್ರೇಕ್ ಆಯಿಲ್’ ಅಂತ ದೊಡ್ಡದಾಗಿ ಬರೆದು, ತೆಗೆದುಕೊಳ್ಳುವ ಗ್ಯಾರೇಜಿಗೆ ಕೊಡಿ. ಬಾನೆಟ್ ಮುಚ್ಚುವ ಮೊದಲು ಒಂದು ತುಂಡು ಟೇಪಿನ ಮೇಲೆ ತಾರೀಖು ಬರೆದು ಡಬ್ಬಿಯ ಪಕ್ಕ ಅಂಟಿಸಿ. ನನ್ನ ಕಾರಿನಲ್ಲಿ ಈಗ ಅಂಥ ಮೂರು ಟೇಪುಗಳಿವೆ, ಒಂದರ ಕೆಳಗೊಂದು.